ಮೊದಲು ಕೌದಿ, ಆಮೇಲೆ ಕವಚ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಕಲ್ಲಂಗಡಿ ಹಣ್ಣಿನ ಮೇಲೆ ಕಬ್ಬಿಣದ ಉಂಗುರಗಳಿಂದ ಹೆಣೆದ ಸರಪಳಿಯ ತುಂಡೊಂದನ್ನು ಹೊದಿಸಿ, ದಪ್ಪ ಬೆತ್ತದಿಂದ ಜೋರಾಗಿ ಒಂದು ಏಟು ಹಾಕಿ. ಉಂಗುರ ಒಂದೂ ಬಿಚ್ಚಿರುವುದಿಲ್ಲ. ಹಣ್ಣು ಮಾತ್ರ ಒಳಗೇ ಒಡೆದಿರುತ್ತದೆ. ಈಗ ಇನ್ನೊಂದು ಹಣ್ಣು ತಗೊಳ್ಳಿ. ಸರಪಳಿಯ ಕೆಳಗೆ ಮನೆಯ ಹಳೆಯ ಕೌದಿಯನ್ನು ಎರಡು ಮಡಿಕೆ ಮಾಡಿ ಹಾಸಿ, ಅಷ್ಟೇ ಬಲದ ಏಟು ಹಾಕಿ. ಎರಡು ಹಣ್ಣಿಗೂ ಆದ ಪೆಟ್ಟನ್ನು ಹೋಲಿಸಿ ನೋಡಿ. ಕವಚದ ವಿದ್ಯೆ ಶುರುವಾಗುವುದು ಇಲ್ಲಿಂದ. ಕಬ್ಬಿಣ ಕತ್ತಿಯ ಬಾಯಿಯನ್ನು ತಡೆಯುತ್ತದೆ, ಏಟಿನ ಭಾರವನ್ನು ತಡೆಯುವುದು ಬಟ್ಟೆ. ಕವಚವನ್ನು ತಾವೇ ಮಾಡಹೊರಟ ಹೊಸಬರು ಮೊದಲು ತಂತಿಯ ಸುರುಳಿ ಕೊಳ್ಳಲು ಓಡುತ್ತಾರೆ. ಓಡಬೇಕಾದದ್ದು ಮನೆಯ ಅಟ್ಟದ ಮೇಲಿರುವ ಹಳೆಯ ಧೋತರದ ಗಂಟಿಗೆ.

ಹಳೆಯ ಕಾಲದ ಕಾಳಗವನ್ನು ಕವಚ ತೊಟ್ಟು, ನಿಯಮ ಕಟ್ಟಿಕೊಂಡು ಆಡುವ ಹವ್ಯಾಸ ಇವತ್ತು ಹಲವು ದೇಶಗಳಲ್ಲಿದೆ. ಅಮೆರಿಕದ ಬರ್ಕ್ಲಿಯಲ್ಲಿ 1966ರಲ್ಲಿ ಹುಟ್ಟಿದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಎಂಬ ಸಂಘ ಬೆತ್ತದ ಕತ್ತಿಯ ಆಟವನ್ನು ಬೆಳೆಸಿತು. ಅವರು ಆಡುವುದು ಹೆಚ್ಚಾಗಿ ಯುರೋಪಿನ ಮಧ್ಯಯುಗವನ್ನು. ನಮ್ಮ ವಿಜಯಪುರಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಕಾಳಗದ ಕಾಲಕ್ಕೆ ದಖ್ಖನ್ನಿನಲ್ಲಿ ಸರಪಳಿ ಅಂಗಿಯೂ ಇತ್ತು, ಎದೆ-ಹೊಟ್ಟೆಯ ಮೇಲೆ ಸರಪಳಿಯ ನಡುವೆಯೇ ಉಕ್ಕಿನ ಪಟ್ಟಿಗಳನ್ನು ಕೂಡಿಸಿದ ಜಿರಾ ಬಖ್ತರ್ ಕೂಡ ಇತ್ತು. ಆದಿಲಶಾಹಿ 1686ರಲ್ಲಿ ಬಿದ್ದ ಮೇಲೆ, ಆದೋನಿಯ ಕೋಟೆ ಮೊಗಲರ ಕೈಸೇರಿದಾಗ, ಅಲ್ಲಿಯ ಕವಚಗಳು ಬಿಕಾನೇರದ ಅರಸನ ಪಾಲಾದವು. ಅವುಗಳ ಪಟ್ಟಿಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಕುಟ್ಟಿದ ದೇವನಾಗರಿ ಅಕ್ಷರ ಇಂದಿಗೂ ಕಾಣುತ್ತದೆ. ನಮ್ಮ ಹಳೆಯ ಕಾವ್ಯಗಳಲ್ಲಿ ಕವಚಕ್ಕೆ ಜೋಡು ಎಂಬ ಮಾತಿದೆ, ಶಿರಸ್ತ್ರಾಣಕ್ಕೆ ಸೀಸಕ. ಈ ಕಡೆ ಜೋಡು ಅಂದರೆ ಈಗ ಕಾಲಿನ ಚಪ್ಪಲಿ. ಮಾತು ಎದೆಯಿಂದ ಪಾದಕ್ಕೆ ಇಳಿದಿದೆ, ಆದರೆ ಬಿಟ್ಟುಹೋಗಿಲ್ಲ.

ಈಗ ಕೌದಿಗೆ ಬರೋಣ. ಸರಪಳಿಯ ಒಳಗೆ ತೊಡುವ ದಪ್ಪ ಅಂಗಿಯನ್ನು ಬಾರಾಬಂದಿಯ ಮಾದರಿಯಲ್ಲಿ ಕತ್ತರಿಸಿದರೆ ಒಳ್ಳೆಯದು. ಎದೆಯ ಮೇಲೆ ಅಡ್ಡ ಬಂದು ಕಸಿ ಕಟ್ಟುವಂಥದ್ದು. ಗುಂಡಿ ಬೇಡ. ಸರಪಳಿಯ ಕೆಳಗೆ ಒಂದು ಗುಂಡಿ ಇದ್ದರೂ ಏಟು ಬಿದ್ದಾಗ ಅದು ಪಕ್ಕೆಲುಬಿಗೆ ನಾಟುತ್ತದೆ. ಬಟ್ಟೆ ಹತ್ತಿಯದೇ ಆಗಬೇಕು. ಪಾಲಿಯೆಸ್ಟರ್ ಸೀರೆ ಬೆವರು ಹೀರುವುದಿಲ್ಲ, ಪದರಗಳು ಒಂದರ ಮೇಲೊಂದು ಜಾರುತ್ತವೆ. ತೊಳೆದು ತೊಳೆದು ಮೆತ್ತಗಾದ ಧೋತರ, ಹತ್ತಿಯ ಸೀರೆ, ಕೋರಾ ಬಟ್ಟೆ, ಇವುಗಳ 12ರಿಂದ 15 ಪದರ ಹಾಕಿ. ಎರಡು ಬೆರಳಿನ ನಡುವೆ ಒತ್ತಿ ನೋಡಿದಾಗ ಅರ್ಧ ಸೆಂಟಿಮೀಟರಿಗೆ ಕಡಿಮೆ ಇರಬಾರದು. ಹೆಗಲು, ಮೊಣಕೈ, ತೋಳಿನ ಹೊರಮೈಗೆ ಇದರ ಇಮ್ಮಡಿ.

ಹೊಲಿಗೆ ನಮ್ಮ ಕೌದಿಯ ಹೊಲಿಗೆಯೇ. ಓಟದ ಟಾಕಿ, ಸಾಲಿನಿಂದ ಸಾಲಿಗೆ ಎರಡು ಬೆರಳಿನ ಅಂತರ. ತೀರ ಒತ್ತಾಗಿ ಹೊಲಿದರೆ ಅಂಗಿ ಹಲಗೆಯಂತಾಗಿ ಏಟನ್ನು ಹೀರುವುದಿಲ್ಲ, ಮೈಗೆ ದಾಟಿಸುತ್ತದೆ. ತೀರ ಬಿಡಿಯಾದರೆ ನಾಲ್ಕು ದಿನಕ್ಕೆ ಪದರಗಳು ಕೆಳಗಿಳಿದು ಸೊಂಟದಲ್ಲಿ ಗಂಟಾಗುತ್ತವೆ, ಹೆಗಲು ಬರಿದಾಗುತ್ತದೆ. ತುಂಡುಗಳನ್ನು ಚಪ್ಪಟೆಯಾಗಿ ಹಾಸಿ ಮೊದಲು ಕೌದಿ ಹೊಲಿದು, ಆಮೇಲೆ ಅಳತೆಗೆ ಕತ್ತರಿಸಿ ಜೋಡಿಸಿ. ಮೊದಲೇ ಕತ್ತರಿಸಿದರೆ ಹೊಲಿಗೆ ಎಳೆದು ಅಳತೆ ಕುಗ್ಗುತ್ತದೆ. ದರ್ಜಿಗಳೂ ಎಡವುವುದು ಇನ್ನೊಂದು ಲೆಕ್ಕದಲ್ಲಿ. ಅಂಗಿಯ ದಪ್ಪ 1 ಸೆಂಟಿಮೀಟರ್ ಇದ್ದರೆ ಹೊರಸುತ್ತು ಒಳಸುತ್ತಿಗಿಂತ 6 ಸೆಂಟಿಮೀಟರಿಗೂ ಹೆಚ್ಚು. ಆದ್ದರಿಂದ ದಿನದ ಅಂಗಿಯ ಅಳತೆಗೆ ಹೊಲಿದರೆ ಕೈ ಎತ್ತಲು ಬರುವುದಿಲ್ಲ. ಎದೆಗೆ 10 ಸೆಂಟಿಮೀಟರ್ ಸಡಿಲ ಬಿಡಿ, ಬಗಲಿಗೆ ನೆಹರು ಅಂಗಿಗೆ ಇಡುವಂಥ ಚೌಕ ಇಡಿ. ಸರಪಳಿ ಅಂಗಿಯ ಅಳತೆಯನ್ನು ಈ ಕೌದಿ ಅಂಗಿ ತೊಟ್ಟ ಮೇಲೆಯೇ ತೆಗೆಯಬೇಕು. ಕೌದಿ ಮೊದಲು ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಉಂಗುರ. ದ್ರಾಕ್ಷಿ ಚಪ್ಪರಕ್ಕೆ ಎಳೆಯುವ ಜಿಐ ತಂತಿ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ, ತಿಕೋಟಾ, ಬಬಲೇಶ್ವರದ ಕಡೆ ಬೇಕಾದಷ್ಟು ಸಿಗುತ್ತದೆ, ಆದರೆ ಅದು ಈ ಕೆಲಸಕ್ಕೆ ದಪ್ಪ, ಬಿರುಸು. ಸೆಂಟ್ರಿಂಗ್‌ನವರು ಸರಳು ಕಟ್ಟುವ ಕರಿ ತಂತಿ ತೀರ ಮೆತ್ತಗೆ. ಅದರ ಉಂಗುರ ಕೈಯಿಂದ ಎಳೆದರೂ ಬಾಯಿ ಬಿಡುತ್ತದೆ. ಬೇಕಾದದ್ದು ಹಾರ್ಡ್‌ವೇರ್ ಅಂಗಡಿಯ 16 ಗೇಜಿನ ಜಿಐ ತಂತಿ, ಅಂದರೆ 1.6 ಮಿಲಿಮೀಟರ್. ಸುತ್ತುವ ಸರಳು 8 ಮಿಲಿಮೀಟರ್. ತಂತಿಯ ದಪ್ಪಕ್ಕೆ ಉಂಗುರದ ಒಳಗಲ ಐದು ಪಟ್ಟು ಇದ್ದರೆ ಹೆಣಿಗೆ ಹದವಾಗಿ ಬರುತ್ತದೆ. ನಾಲ್ಕು ಪಟ್ಟಿಗಿಂತ ಕಡಿಮೆಯಾದರೆ ಬಿರುಸಾಗಿ ಮಡಚಲು ಕಷ್ಟ, ಆರು ದಾಟಿದರೆ ಬಲೆಯಂತೆ ಬಿಡಿಯಾಗುತ್ತದೆ.

60 ಸೆಂಟಿಮೀಟರ್ ಉದ್ದದ ಸರಳಿನ ಒಂದು ತುದಿಯನ್ನು ರಾಟೆಯ ಹಿಡಿಯಂತೆ ಬಗ್ಗಿಸಿ, ಇನ್ನೊಂದು ತುದಿಗೆ ಹತ್ತಿರ 2 ಮಿಲಿಮೀಟರ್ ತೂತು ಕೊರೆಯಿರಿ. ಎರಡು ಮರದ ಕಂಬಗಳ ತೂತಿನಲ್ಲಿ ಸರಳನ್ನು ಕೂಡಿಸಿ, ತಂತಿಯ ತುದಿಯನ್ನು ಆ ಸಣ್ಣ ತೂತಿಗೆ ಸಿಕ್ಕಿಸಿ ತಿರುಗಿಸಿ. ಎಡಗೈಗೆ ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ಎರಡೂ ಕಡ್ಡಾಯ. ತಂತಿ ಮುಗಿಯುವ ಹೊತ್ತಿಗೆ ಅದರ ಬಾಲ ಹಾವಿನಂತೆ ಹೊಡೆಯುತ್ತದೆ, ಕಣ್ಣಿಗೆ ಪೆಟ್ಟಾಗಬಹುದು. ತಂತಿ ಬಿಗಿಯಾಗಿ, ಒಂದೇ ಸಮನಾದ ಎಳೆತದಲ್ಲಿ ಬರಬೇಕು. ಎಳೆತ ಬದಲಾದರೆ ಉಂಗುರದ ಅಗಲವೂ ಬದಲಾಗಿ, ಹೆಣೆದ ಮೇಲೆ ಸೊಟ್ಟ ಕಾಣುತ್ತದೆ.

ಸುರುಳಿಯನ್ನು ಒಂದೊಂದೇ ಸುತ್ತು ಕತ್ತರಿಸಿ. ಎರಡು ಬಾಯಿಯಿಂದ ಕಚ್ಚುವ ಇಕ್ಕಳ ಉಂಗುರದ ತುದಿಯನ್ನು ಮೊನಚು ಮಾಡುತ್ತದೆ, ಆ ಮೊನಚು ಕೌದಿಯನ್ನು ಕೆರೆದು ಹರಿಯುತ್ತದೆ. ಕತ್ತರಿಯಂತೆ ಒಂದರ ಪಕ್ಕ ಒಂದು ಸರಿಯುವ ಅಲಗು ಚಪ್ಪಟೆ ತುದಿ ಕೊಡುತ್ತದೆ, ಅದೇ ಉತ್ತಮ. ಉಂಗುರ ತೆರೆಯುವಾಗ ಎರಡು ಇಕ್ಕಳದಿಂದ ತುದಿಗಳನ್ನು ಹಿಂದೆ ಮುಂದೆ ತಿರುಚಿ, ಅಗಲಕ್ಕೆ ಎಳೆಯಬೇಡಿ. ಅಗಲಕ್ಕೆ ಎಳೆದ ಉಂಗುರ ಮತ್ತೆ ದುಂಡಾಗುವುದಿಲ್ಲ. ಮುಚ್ಚುವಾಗ ತುದಿಗಳು ಒಂದನ್ನೊಂದು ಕೂದಲೆಳೆಯಷ್ಟು ದಾಟುವ ಹಾಗೆ ಒತ್ತಿ ಬಿಡಿ. ತಂತಿ ತಾನೇ ಹಿಂದೆ ಸರಿದು ಬಾಯಿಗೆ ಬಾಯಿ ಕೂಡುತ್ತದೆ. ಬೆರಳು ಆಡಿಸಿ ನೋಡಿ, ಉಗುರಿಗೆ ಸಂದು ತಾಕಿದರೆ ಮತ್ತೊಮ್ಮೆ ಒತ್ತಿ.

ಲೆಕ್ಕ ಹೀಗೆ. ಒಂದು ಕಿಲೋ ತಂತಿ 63 ಮೀಟರಿನಷ್ಟು ಉದ್ದ, ಅದರಿಂದ ಸುಮಾರು 2,100 ಉಂಗುರ. ಅರ್ಧ ತೋಳಿನ, ತೊಡೆಯವರೆಗಿನ ಅಂಗಿಗೆ 20,000 ಉಂಗುರ ಎಂದಿಟ್ಟುಕೊಳ್ಳಿ, ತೂಕ ಒಂಬತ್ತೂವರೆ ಕಿಲೋ. ಹಾಳಾಗುವುದು ಸೇರಿಸಿ 11 ಕಿಲೋ ತನ್ನಿ. ಕೈ ಪಳಗಿದ ಮೇಲೆ ಗಂಟೆಗೆ ಇನ್ನೂರು ಉಂಗುರ ಹೆಣೆಯಬಹುದು, ಅಂದರೆ ಹೆಣಿಗೆಗೇ ನೂರು ಗಂಟೆ. ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಗಂಟೆ ಕೂತರೂ ಮೂರು ತಿಂಗಳು ದಾಟುತ್ತದೆ. ಅವಸರಪಟ್ಟವರ ಅಂಗಿ ಹೆಗಲಿನಲ್ಲೇ ಬಿಚ್ಚುತ್ತದೆ.

ಹೆಣಿಗೆ ನಾಲ್ಕಕ್ಕೊಂದು. ತೆರೆದ ಒಂದು ಉಂಗುರಕ್ಕೆ ಮುಚ್ಚಿದ ನಾಲ್ಕು ಪೋಣಿಸಿ ಮುಚ್ಚಿ, ಐದರ ಒಂದು ಗೊಂಚಲು ಆಯಿತು. ಗೊಂಚಲುಗಳನ್ನು ಸಾಲಾಗಿ, ಸಾಲುಗಳನ್ನು ಅಂಗೈ ಅಗಲದ ತುಂಡಾಗಿ ಕೂಡಿಸಿ. ಈ ತುಂಡನ್ನು ಕೈಯಲ್ಲಿ ತೂಗಿಹಿಡಿದು ನೋಡಿ. ಒಂದು ದಿಕ್ಕಿಗೆ ಹಿಡಿದರೆ ಉಂಗುರಗಳು ಒಂದಕ್ಕೊಂದು ಒತ್ತಿಕೊಂಡು ಮುಚ್ಚುತ್ತವೆ, ಕಾಲು ಸುತ್ತು ತಿರುಗಿಸಿ ಹಿಡಿದರೆ ಬಲೆಯ ಕಣ್ಣು ತೆರೆದಂತೆ ಬಿಡುತ್ತವೆ. ಅಂಗಿಯಲ್ಲಿ ಸಾಲುಗಳು ಎದೆಯ ಸುತ್ತ ಅಡ್ಡ ಸುತ್ತಬೇಕು. ಆಗ ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ, ಉಸಿರೆಳೆದಾಗ ಅಗಲಕ್ಕೆ ಹಿಗ್ಗುತ್ತದೆ. ಎಂಟು ಸಾವಿರ ಉಂಗುರ ಹೆಣೆದ ಮೇಲೆ ದಿಕ್ಕು ತಪ್ಪಿದೆ ಎಂದು ಗೊತ್ತಾದರೆ ಬಿಚ್ಚದೆ ಗತಿಯಿಲ್ಲ, ಆದ್ದರಿಂದ ಈ ಪರೀಕ್ಷೆ ಮೊದಲ ದಿನವೇ ಮುಗಿಯಲಿ.

ಹಳೆಯ ದಖ್ಖನಿ ಸರಪಳಿಯಲ್ಲಿ ಉಂಗುರದ ತುದಿಗಳನ್ನು ಒಂದರ ಮೇಲೊಂದು ತಂದು, ಚಪ್ಪಟೆ ಬಡಿದು, ತೂತು ಮಾಡಿ, ರಿವೀಟು ಹೊಡೆಯುತ್ತಿದ್ದರು. ಅದರ ಗಟ್ಟಿತನಕ್ಕೆ ನಮ್ಮ ಬಾಯಿ ಕೂಡಿಸಿದ ಉಂಗುರ ಸಮವಲ್ಲ. ರಿವೀಟಿನ ಕೆಲಸಕ್ಕೆ ತಂತಿಯನ್ನು ಕಾಯಿಸಿ ಮೆತ್ತಗೆ ಮಾಡಬೇಕು, ಅದಕ್ಕೆ ಜಿಐ ತಂತಿ ಎಂದಿಗೂ ಬಳಸಬೇಡಿ. ಸತುವಿನ ಹೊಗೆ ಕುಡಿದರೆ ಕೆಲವೇ ಗಂಟೆಗಳಲ್ಲಿ ಚಳಿಜ್ವರ ಬರುತ್ತದೆ. ಸತು ಇಲ್ಲದ ತಂತಿಯ ಅಂಗಿಗೆ ಬೆವರಿನ ಉಪ್ಪೇ ಶತ್ರು, ಒಂದೇ ರಾತ್ರಿಗೆ ಕೆಂಪಾಗುತ್ತದೆ. ಗೋಣಿಚೀಲದಲ್ಲಿ ಒಣ ಮರಳಿನ ಜೊತೆ ಹಾಕಿ ಇಬ್ಬರು ಹಿಡಿದು ಅಲ್ಲಾಡಿಸಿದರೆ ತುಕ್ಕು ಹೋಗುತ್ತದೆ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ. ಮನೆಯಲ್ಲಿದೆ ಎಂದು ಕುಸುಬೆ ಎಣ್ಣೆ ಹಚ್ಚಬೇಡಿ. ಅದು ಗಾಳಿಗೆ ಒಣಗಿ ಅಂಟಾಗುವ ಜಾತಿ, ಧೂಳು ಕೂಡಿ ಉಂಗುರಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಮೊಣಕೈ, ಮೊಣಕಾಲಿಗೆ ಸರಪಳಿ ಸಾಲದು, ಉಕ್ಕಿನ ಬಟ್ಟಲು ಬೇಕು. ಬೆಳಗಾವಿಯ ಉದ್ಯಮಬಾಗದಂಥ ಕಡೆ ತಗಡಿನ ತುಂಡುಗಳು ಸಿಗುತ್ತವೆ. 1.6 ಮಿಲಿಮೀಟರಿನ ಮೈಲ್ಡ್ ಸ್ಟೀಲ್ ತಗಡಿನಲ್ಲಿ 16 ಸೆಂಟಿಮೀಟರ್ ಅಗಲದ ದುಂಡು ಕತ್ತರಿಸಿ. ಜಾಲಿಯ ಬೊಡ್ಡೆಯ ಮೇಲೆ ಸಾರಿನ ಬಟ್ಟಲಿನಷ್ಟು ಅಗಲದ, 2 ಸೆಂಟಿಮೀಟರ್ ಆಳದ ತಗ್ಗು ಕೆತ್ತಿ. ದುಂಡು ಮೂತಿಯ ಒಂದು ಕಿಲೋ ಸುತ್ತಿಗೆಯಿಂದ ಅಂಚಿನ ಹತ್ತಿರ ಶುರುಮಾಡಿ, ಸುತ್ತು ಸುತ್ತಾಗಿ ನಡುವಿಗೆ ಬನ್ನಿ. ನಡುವಿಗೇ ಹೊಡೆಯುತ್ತ ಕೂತರೆ ಅಲ್ಲಿ ತಗಡು ತೆಳ್ಳಗಾಗಿ ಸೀಳುತ್ತದೆ. ಅಂಚಿನಲ್ಲಿ ನೆರಿಗೆ ಎದ್ದ ಕೂಡಲೇ ತಟ್ಟಿ ಮಲಗಿಸಿ, ನೆರಿಗೆ ಮಡಚಿ ಕೂತರೆ ಮತ್ತೆ ಬಿಡಿಸಲಾಗದು.

ಈ ಬಟ್ಟಲುಗಳನ್ನು ಕೈಕಾಲಿಗೆ ಕಟ್ಟುವ ಪಟ್ಟಿಗಳಿಗೆ ಅಥಣಿ, ನಿಪ್ಪಾಣಿಯ ಚಪ್ಪಲಿ ಕುಶಲಿಗಳು ಬಳಸುವ ಚರ್ಮವೇ ಸರಿ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ 3–4 ಮಿಲಿಮೀಟರ್ ದಪ್ಪದ ಚರ್ಮ. ಬೊಡ್ಡೆಯೂ ಜಾಲಿಯದು, ಹದವೂ ಜಾಲಿಯದು. ಕ್ರೋಮ್ ಹದದ ಚರ್ಮ ಬೆವರಿಗೆ ಹಿಗ್ಗಿ ಸಡಿಲಾಗುತ್ತದೆ. ಮುಂಗೈ ರಕ್ಷೆಯನ್ನು ಚರ್ಮದಲ್ಲೇ ಮಾಡಬಹುದು. ತಣ್ಣೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ನೆನೆಸಿ, 80–85 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ತಕ್ಷಣ ಅಚ್ಚಿಗೆ ಕಟ್ಟಿ ಒಣಗಿಸಿದರೆ ಹಲಗೆಯಂತೆ ಗಟ್ಟಿಯಾಗುತ್ತದೆ. ಕುದಿಯುವ ನೀರಿನಲ್ಲಿ ಬಿಟ್ಟರೆ ಮುದುರಿ ಹಪ್ಪಳದಂತೆ ಮುರಿಯುತ್ತದೆ. ಚರ್ಮ ಅದ್ದಿದಾಗ ಕುಗ್ಗುವುದರಿಂದ ಅಳತೆ ಸ್ವಲ್ಪ ದೊಡ್ಡದಿರಲಿ.

ಸೀಸಕವನ್ನು ಮೊದಲ ವರ್ಷ ನೀವೇ ಮಾಡಲು ಹೋಗಬೇಡಿ. ಉಕ್ಕು ಒಂದೂವರೆ ಮಿಲಿಮೀಟರಿಗೆ ಕಡಿಮೆ ಇರಬಾರದು, ಒಳಗೆ ಒಂದೂವರೆ ಸೆಂಟಿಮೀಟರ್ ಗಟ್ಟಿ ಫೋಮ್ ಇರಬೇಕು, ಗದ್ದದ ಪಟ್ಟಿ ಇರಲೇಬೇಕು, ಮುಖದ ಜಾಲರಿಯಲ್ಲಿ ಒಂದು ಇಂಚು ದಪ್ಪದ ಕೋಲು ಎಲ್ಲಿಂದಲೂ ತೂರಬಾರದು. ಇವುಗಳಲ್ಲಿ ಒಂದು ತಪ್ಪಿದ್ದರೂ ಅದನ್ನು ತೊಟ್ಟು ಕಣಕ್ಕೆ ಇಳಿಯಬೇಡಿ.

ಆಟದ ಕತ್ತಿ ಬೆತ್ತದ್ದು, ಮೂರು ಸೆಂಟಿಮೀಟರಿಗಿಂತ ದಪ್ಪ. ಬಿದಿರು ಬೇಡವೇ ಬೇಡ, ಏಟಿಗೆ ಸೀಳಿ ಚೂರಿಯಾಗುತ್ತದೆ. ಬೆತ್ತ ನಾರು ನಾರಾಗಿ ಬಿಡುತ್ತದೆ, ಚೂಪಾಗುವುದಿಲ್ಲ. ಹರಿತ ಅಲಗಿನ ಕತ್ತಿ ಮಾಡುವುದು, ಹೊತ್ತು ತಿರುಗುವುದು 1959ರ ಆಯುಧ ಕಾಯ್ದೆಯ ಕೆಳಗೆ ಬರುವ ವಿಷಯ, ಈ ಹವ್ಯಾಸಕ್ಕೆ ಅದರ ಅಗತ್ಯವೂ ಇಲ್ಲ. ಮೊಣಕಾಲು ಮತ್ತು ಅದರ ಕೆಳಗೆ, ಮುಂಗೈಯಿಂದ ಬೆರಳಿನವರೆಗೆ ಹೊಡೆಯುವ ಹಾಗಿಲ್ಲ. ಯಾರು ‘ನಿಲ್ಲು’ ಎಂದರೂ ಎಲ್ಲರೂ ನಿಲ್ಲಬೇಕು.

ನಮ್ಮ ಊರಿನ ದೊಡ್ಡ ಅಪಾಯ ಮಾತ್ರ ಕತ್ತಿಯಲ್ಲ, ಬಿಸಿಲು. ಕೌದಿಯ ಮೇಲೆ ಹತ್ತು ಕಿಲೋ ಕಬ್ಬಿಣ ತೊಟ್ಟವನ ಮೈಯ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಮಾರ್ಚಿನಿಂದ ಮಳೆ ಬೀಳುವವರೆಗೆ ಹೆಣಿಗೆ, ಹೊಲಿಗೆ ಮಾಡಿ, ಆಟವನ್ನು ನವೆಂಬರಿನಿಂದ ಜನವರಿಯ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಸರಪಳಿಯ ಮೇಲೆ ಬಿಳಿ ಹತ್ತಿಯ ನಿಲುವಂಗಿ ಹಾಕಿದರೆ ಕಬ್ಬಿಣ ನೇರ ಬಿಸಿಲಿಗೆ ಕಾಯುವುದಿಲ್ಲ. ಒಂದು ಸರದಿ ಎರಡು ಮೂರು ನಿಮಿಷ ಸಾಕು, ನಡುವೆ ನೆರಳು, ಓಆರ್‌ಎಸ್ ನೀರು. ಮಾತು ತೊದಲಿದರೆ, ದಿಕ್ಕು ತಪ್ಪಿದಂತೆ ನಡೆದರೆ, ಬೆವರು ನಿಂತರೆ ಆಟಗಾರನನ್ನು ಕೇಳುತ್ತ ಕೂಡಬೇಡಿ, ಕವಚ ಬಿಚ್ಚಿ ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತ ಆಸ್ಪತ್ರೆಗೆ ಒಯ್ಯಿರಿ.

ಸೊಂಟದ ಪಟ್ಟಿಯ ಮಾತು ಉಳಿಯಿತು. ಸರಪಳಿಯ ಭಾರವೆಲ್ಲ ಹೆಗಲ ಮೇಲೆ ಬಿದ್ದರೆ ಅರ್ಧ ಗಂಟೆಗೆ ಕತ್ತು ಹಿಡಿಯುತ್ತದೆ. ಅಗಲ ಪಟ್ಟಿಯನ್ನು ಬಿಗಿದು ಕಟ್ಟಿ, ಎರಡೂ ಕೈ ಮೇಲೆತ್ತಿ, ಸರಪಳಿಯನ್ನು ಪಟ್ಟಿಯ ಮೇಲೆ ಸ್ವಲ್ಪ ಜೋಲುವ ಹಾಗೆ ಎಳೆದುಕೊಳ್ಳಿ. ಭಾರದ ದೊಡ್ಡ ಪಾಲು ಸೊಂಟಕ್ಕೆ ಇಳಿಯುತ್ತದೆ. ಕಳಚುವಾಗ ಮೊದಲು ಆ ಪಟ್ಟಿ ಬಿಚ್ಚಿ, ನಡು ಬಗ್ಗಿಸಿ, ತಲೆ ಮತ್ತು ಎರಡು ತೋಳನ್ನು ನೆಲದ ಕಡೆ ಇಳಿಬಿಟ್ಟು ಮೈ ಅಲ್ಲಾಡಿಸಿ. ಸರಪಳಿ ಬೆನ್ನ ಮೇಲಿಂದ ತಾನೇ ಜಾರಿ, ಜೋಳದ ಚೀಲ ಸುರಿದಂಥ ಸದ್ದು ಮಾಡುತ್ತ ಕೆಳಗೆ ಬೀಳುತ್ತದೆ. ಅದನ್ನು ಗೂಟಕ್ಕೆ ತೂಗು ಹಾಕಬೇಡಿ, ಹೆಗಲಿನ ಉಂಗುರಗಳು ಬಾಯಿ ಬಿಡುತ್ತವೆ. ಗೋಣಿತಟ್ಟಿನ ಮೇಲೆ ಹರವಿ ಒರೆಸಿ. ಕೌದಿ ಅಂಗಿಯನ್ನು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ, ಹೊಲಿಗೆ ಎಲ್ಲಿ ಬಿಟ್ಟಿದೆ ನೋಡಿ, ಅಂದೇ ಟಾಕಿ ಹಾಕಿಡಿ.

ನಮಸ್ಕಾರ.