ಖೈದಿ ಮೀನಿನ ಬಾಣಂತನ

ಎಲ್ಲರಿಗೂ ನಮಸ್ಕಾರ.

ಕಾನ್ವಿಕ್ಟ್ ಸಿಕ್ಲಿಡ್ ಎಂಬ ಅಕ್ವೇರಿಯಂ ಮೀನಿನಿಂದ ಮರಿ ಮಾಡಿಸುವುದರ ಬಗ್ಗೆ ಮಾತನಾಡಿ ಎಂದು ಸಂಘಟಕರು ಹೇಳಿದಾಗ ನನಗೆ ಸಂಕೋಚವೇ ಆಯಿತು. ಸುಲಭಕ್ಕೆ ಒಗ್ಗದ ಡಿಸ್ಕಸ್ ಮೀನಿನ ಮರಿಗಳನ್ನು ಬೆಳೆಸಿದವರು ಈ ಸಭೆಯಲ್ಲಿದ್ದಾರೆ. ಅದು ಸಾಧನೆ. ಕಾನ್ವಿಕ್ಟ್ ಮರಿ ಮಾಡಿತು ಎಂದು ಹೇಳಿಕೊಳ್ಳುವುದು, ಹಿತ್ತಲಲ್ಲಿ ನುಗ್ಗೆ ಕೊಂಬೆ ನೆಟ್ಟೆ, ಚಿಗುರಿತು ಎಂದು ಬೀಗಿದ ಹಾಗೆ. ನೀವು ಬೇಡವೆಂದರೂ ಅವು ಮರಿ ಮಾಡುತ್ತವೆ. ಹಾಗಾಗಿ ಈ ಬಾಣಂತನದಲ್ಲಿ ನಾವು ಎಲ್ಲಿ ಕೈ ಹಾಕಬೇಕು, ಎಲ್ಲಿ ಕೈ ಕಟ್ಟಿ ಕೂರಬೇಕು ಎಂಬುದಷ್ಟನ್ನೇ ಹೇಳುತ್ತೇನೆ.

ಇದರ ತವರು ಮಧ್ಯ ಅಮೆರಿಕ. 1867ರಲ್ಲಿ ಪ್ರಾಣಿವಿಜ್ಞಾನಿ ಆಲ್ಬರ್ಟ್ ಗುಂಥರ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಗ್ವಾಟೆಮಾಲಾದ ಅಟಿಟ್ಲಾನ್ ಮತ್ತು ಅಮಟಿಟ್ಲಾನ್ ಸರೋವರಗಳ ಮೀನುಗಳನ್ನು ನೋಡಿ. ಈಗಿನ ಹೆಸರು ಅಮಟಿಟ್ಲಾನಿಯಾ ನಿಗ್ರೋಫ್ಯಾಸಿಯಾಟಾ. ಮೊದಲರ್ಧ ಸರೋವರದ್ದು, ಉಳಿದರ್ಧಕ್ಕೆ ಕಪ್ಪು ಪಟ್ಟೆಯದು ಎಂದರ್ಥ. ಬೂದು ಮೈಮೇಲೆ ಎಂಟೊಂಬತ್ತು ಕಪ್ಪು ಪಟ್ಟೆ ಇರುವುದರಿಂದ ಹಳೆಯ ಕಾಲದ ಕೈದಿಯ ಅಂಗಿ ನೆನಪಾಗಿ ಕಾನ್ವಿಕ್ಟ್ ಎಂಬ ಹೆಸರು ಅಂಟಿಕೊಂಡಿತು. ಅಂಗಡಿಗಳಲ್ಲಿ ಸಿಗುವ ಪಟ್ಟೆಯಿಲ್ಲದ ನಸುಗೆಂಪು ಮೀನೂ ಇದೇ ಜಾತಿ, ಬಣ್ಣ ಕಳೆದುಕೊಂಡ ತಳಿ ಅಷ್ಟೆ.

ಗಂಡು ಹೆಣ್ಣು ಗುರುತಿಸುವಲ್ಲಿ ಹೊಸಬರು ಮೋಸಹೋಗುತ್ತಾರೆ. ಬಣ್ಣ ಇರುವುದು ಗಂಡಿಗೆ ಎಂದು ನಾವು ಗಪ್ಪಿಯಿಂದ ಕಲಿತಿರುತ್ತೇವೆ. ಇಲ್ಲಿ ತಿರುಗುಮುರುಗು. ಹೊಟ್ಟೆಯ ಮೇಲೆ ಕಿತ್ತಳೆ ಮಚ್ಚೆ ಹೊತ್ತು ಮಿಂಚುವವಳು ಹೆಣ್ಣು. ಗಂಡು ಗಾತ್ರದಲ್ಲಿ ದೊಡ್ಡದು, ಬೆನ್ನಿನ ಈಜುರೆಕ್ಕೆಯ ತುದಿ ಉದ್ದ, ವಯಸ್ಸಾದಂತೆ ಹಣೆ ಉಬ್ಬುತ್ತದೆ.

ನನ್ನ ಮೊದಲ ತಪ್ಪು ಇಲ್ಲೇ ಆಯಿತು. ಚೆನ್ನಾಗಿ ಬೆಳೆದ ಒಂದು ಗಂಡು, ಒಂದು ಹೆಣ್ಣು ತಂದು ಒಟ್ಟಿಗೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ಹೆಣ್ಣು ಹೀಟರಿನ ಹಿಂದೆ, ನೀರಿನ ಮೇಲ್ಮೈಗೆ ಮೂತಿ ಹಚ್ಚಿ ನಿಂತಿತ್ತು. ಬಾಲದ ರೆಕ್ಕೆ ಹಳೆಯ ಬಟ್ಟೆಯ ಅಂಚಿನಂತೆ ಹರಿದಿತ್ತು. ಸಂಜೆಯವರೆಗೂ ಅದು ಉಳಿಯಲಿಲ್ಲ. ನಾವು ಗೊತ್ತು ಮಾಡಿದ ಸಂಬಂಧವನ್ನು ಇವು ಒಪ್ಪುವುದಿಲ್ಲ. ಆರು ಸಣ್ಣ ಮೀನು ತಂದು ಒಟ್ಟಿಗೆ ಬೆಳೆಸಿ. ಎರಡು ಮೀನು ಒಂದು ಮೂಲೆ ಹಿಡಿದು ಉಳಿದವನ್ನು ಓಡಿಸತೊಡಗಿದರೆ ಜೋಡಿಯಾಯಿತು ಎಂದರ್ಥ. ಉಳಿದ ನಾಲ್ಕನ್ನು ಅಂದೇ ಬೇರೆ ತೊಟ್ಟಿಗೆ ಸಾಗಿಸಿ.

ಈ ಮೀನಿಗೆ ಸಂಗಾತಿ ಎಷ್ಟು ಮುಖ್ಯ ಎಂದು ಫ್ರಾನ್ಸಿನ ಬರ್ಗಂಡಿ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಒಂದು ಬಣ್ಣದ ಮುಚ್ಚಳದ ಡಬ್ಬಿಯಲ್ಲಿ ತಿನಿಸು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ ಎಂದು ಹೆಣ್ಣು ಮೀನುಗಳಿಗೆ ಮೊದಲು ರೂಢಿ ಮಾಡಿಸಿದರು. ಆಮೇಲೆ ಎರಡಕ್ಕೂ ಸೇರದ ಬಣ್ಣದ ಡಬ್ಬಿ ಇಟ್ಟರು. ಮೆಚ್ಚಿದ ಗಂಡನ್ನು ಕಳೆದುಕೊಂಡ ಹೆಣ್ಣುಗಳು ಅದನ್ನು ತೆರೆದು ನೋಡಲು ಹೆಚ್ಚು ಹೊತ್ತು ತೆಗೆದುಕೊಂಡವು. ಇದ್ದರೂ ಇರಬಹುದು ಎನ್ನುವ ಉಮೇದು ಕುಗ್ಗಿತ್ತು. ಇದನ್ನು ಓದಿದ ದಿನ ನನಗೆ ಆ ಹೀಟರಿನ ಹಿಂದಿನ ಮೀನು ನೆನಪಾಯಿತು.

ತೊಟ್ಟಿಯ ಮಾತು ಬೇಗ ಮುಗಿಸುತ್ತೇನೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಒಂದು ಜೋಡಿಗೆ ಸಾಕು. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಇವಕ್ಕೆ ಒಗ್ಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದು ಬಳಸಿ. ಉಷ್ಣತೆ 26–27 ಡಿಗ್ರಿ ಇರಲಿ. ಸ್ಪಾಂಜ್ ಫಿಲ್ಟರ್ ಕಡ್ಡಾಯ, ಬೇರೆ ಫಿಲ್ಟರ್ ಮರಿಗಳನ್ನು ಹೀರಿಕೊಳ್ಳುತ್ತದೆ. ಗಿಡ ನೆಡುವ ಆಸೆ ಬಿಡಿ, ಬೇರುಸಹಿತ ಕಿತ್ತು ಹಾಕುತ್ತವೆ. ಒಂದು ಸಣ್ಣ ಮಣ್ಣಿನ ಕುಂಡವನ್ನು ಅಡ್ಡ ಮಲಗಿಸಿದರೆ ಹೆರಿಗೆ ಕೋಣೆ ಸಿದ್ಧ.

ಮೊಟ್ಟೆಗೆ ಮುಂಚೆ ಎರಡೂ ಸೇರಿ ಕುಂಡದ ಒಳಮೈಯನ್ನು ಬಾಯಿಂದ ಉಜ್ಜಿ ಉಜ್ಜಿ ಸ್ವಚ್ಛ ಮಾಡುತ್ತವೆ. ಹೆಣ್ಣು ತಲೆಕೆಳಗಾಗಿ ಕುಂಡದ ಚಾವಣಿಗೆ ಸಾಲಾಗಿ ಮೊಟ್ಟೆ ಅಂಟಿಸುತ್ತ ಹೋಗುತ್ತದೆ, ಗಂಡು ಹಿಂದೆಯೇ ಬರುತ್ತದೆ. ನೂರು, ನೂರೈವತ್ತು, ಕೆಲವೊಮ್ಮೆ ಇನ್ನೂ ಹೆಚ್ಚು. ಅಲ್ಲಿಂದ ಹೆಣ್ಣು ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಹಾಕುತ್ತ ಒಳಗೆ, ಗಂಡು ಕಾವಲು ಕಾಯುತ್ತ ಹೊರಗೆ. ಬಿಳುಪಾದ ಮೊಟ್ಟೆ ಕೆಟ್ಟದ್ದು, ಅದನ್ನು ತಾಯಿಯೇ ಆರಿಸಿ ತೆಗೆಯುತ್ತದೆ. ಚೊಚ್ಚಲಿನಲ್ಲಿ ಅಷ್ಟೂ ಮೊಟ್ಟೆಯನ್ನು ತಿಂದುಬಿಟ್ಟರೂ ಗಾಬರಿಯಾಗಬೇಡಿ. ನನ್ನ ಜೋಡಿ ಎರಡು ಸಲ ಹಾಗೆ ಮಾಡಿತು, ಮೂರನೆಯ ಸಲ ಕಲಿತಿತು. ಆ ಹೊತ್ತಿನಲ್ಲಿ ನೀವು ಮೊಟ್ಟೆ ಎತ್ತಿ ಬೇರೆ ತೊಟ್ಟಿಯಲ್ಲಿಟ್ಟರೆ ಅವು ಕಲಿಯುವುದು ಯಾವಾಗ?

ಸುಮಾರು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿಗಳಿಗೆ ಈಜಲು ಬರುವುದಿಲ್ಲ, ಬಾಲ ಮಾತ್ರ ಮಿಡಿಯುತ್ತವೆ. ಅಷ್ಟರಲ್ಲಿ ತಂದೆತಾಯಿ ಜಲ್ಲಿಯಲ್ಲಿ ಗುಂಡಿ ತೋಡಿಟ್ಟು, ಮರಿಗಳನ್ನು ಬಾಯಲ್ಲಿ ತುಂಬಿಕೊಂಡು ಅಲ್ಲಿಗೆ ಸಾಗಿಸಿರುತ್ತವೆ. ನಾಳೆ ಇನ್ನೊಂದು ಗುಂಡಿ. ಬೆಳಿಗ್ಗೆ ಕುಂಡ ಖಾಲಿ ಕಂಡರೆ ತಿಂದವು ಎಂದು ಬಯ್ಯುವ ಮೊದಲು ಫಿಲ್ಟರಿನ ಹಿಂದೆ ನೋಡಿ. ಇನ್ನು ನಾಲ್ಕೈದು ದಿನಕ್ಕೆ ಮರಿಗಳು ಏಳುತ್ತವೆ.

ಆಗ ಕುರ್ಚಿ ಹಾಕಿಕೊಂಡು ಕೂರಿ. ತಾಯಿ ಮುಂದೆ, ಮರಿಗಳ ಮೋಡ ಹಿಂದೆ. ನೀವು ಜೋರಾಗಿ ಎದ್ದರೆ ತಾಯಿ ಮೈ ಅದುರಿಸುತ್ತದೆ, ನೂರು ಮರಿಯೂ ಒಂದೇ ಸಲ ತಳಕ್ಕಿಳಿದು ಕಲ್ಲಿನ ನಡುವೆ ಮಾಯ. ನನಗೆ ಅತಿ ಪ್ರಿಯವಾದ ದೃಶ್ಯ ಇನ್ನೊಂದಿದೆ. ತಾಯಿ ಜಲ್ಲಿಯ ಮೇಲೆ ಹೊಟ್ಟೆಯೂರಿ ಎದೆಯ ರೆಕ್ಕೆಗಳನ್ನು ಪಟಪಟ ಬಡಿಯುತ್ತದೆ. ತಳದಲ್ಲಿ ಕೂತ ಕಣಗಳೆಲ್ಲ ಮೇಲೇಳುತ್ತವೆ, ಮರಿಗಳು ಮುಗಿಬಿದ್ದು ಹೆಕ್ಕುತ್ತವೆ. ನಮ್ಮ ಅಂಗಳದ ಹೇಂಟೆ ಕಾಲಿನಿಂದ ಕೆದರುವುದನ್ನು ಈ ಮೀನು ರೆಕ್ಕೆಯಿಂದ ಮಾಡುತ್ತದೆ. ಕತ್ತಲಾಗುವಾಗ ಚೆಲ್ಲಾಪಿಲ್ಲಿಯಾದ ಮರಿಗಳನ್ನು ಬಾಯಿಗೆ ಸೆಳೆದುಕೊಂಡು ಕುಂಡದೊಳಗೆ ಉಗುಳುತ್ತವೆ. ಆದ್ದರಿಂದ ದೀಪವನ್ನು ಥಟ್ಟನೆ ಆರಿಸಬೇಡಿ. ಕೋಣೆಯ ಬೆಳಕಿನಲ್ಲಿ ಅರ್ಧ ಗಂಟೆ ಸಮಯ ಕೊಡಿ.

ಕೋಸ್ಟರಿಕಾದ ತೊರೆಗಳಲ್ಲಿ ಇಂಥ ಜೋಡಿಗಳು ಬೇರೆಯವರ ಮರಿಗಳನ್ನೂ ಗುಂಪಿಗೆ ಸೇರಿಸಿಕೊಳ್ಳುವುದನ್ನು ಸಂಶೋಧಕರು ಕಂಡಿದ್ದಾರೆ. ಔದಾರ್ಯವೇನಲ್ಲ. ತಮ್ಮ ಮರಿಗಿಂತ ಚಿಕ್ಕವಕ್ಕೇ ಪ್ರವೇಶ ಸಲೀಸು, ದೊಡ್ಡವಕ್ಕೆ ಇಲ್ಲ. ಶತ್ರು ಬಂದಾಗ ನಿಧಾನ ಈಜುವ ಸಣ್ಣ ಮರಿ ಮೊದಲು ಬಲಿ, ಮನೆಯ ಕೂಸು ಕ್ಷೇಮ.

ನಮ್ಮ ಕೆಲಸ ಆಹಾರ ಮತ್ತು ನೀರು. ಉಪ್ಪುನೀರಿನಲ್ಲಿ ಒಂದೆರಡು ದಿನದಲ್ಲಿ ಒಡೆಯುವ ಬ್ರೈನ್ ಶ್ರಿಂಪ್ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಮರಿ ಸರ್ವೋತ್ತಮ. ಅದಾಗದಿದ್ದರೆ ಫ್ಲೇಕ್ ಆಹಾರವನ್ನು ಬೆರಳಿನಲ್ಲಿ ವಿಭೂತಿಯಷ್ಟು ನುಣ್ಣಗೆ ಉಜ್ಜಿ ಹಾಕಿ. ಬೇಯಿಸಿದ ಮೊಟ್ಟೆಯ ಹಳದಿ ಹಾಕಿ ಎಂದು ಹಳಬರು ಹೇಳುತ್ತಾರೆ. ನಾನು ಬೇಡವೆನ್ನುತ್ತೇನೆ, ನೀರು ಸಂಜೆಗೇ ಗಬ್ಬು ನಾರುತ್ತದೆ. ಎರಡು ದಿನಕ್ಕೊಮ್ಮೆ ಐದರಲ್ಲೊಂದು ಪಾಲು ನೀರು ಬದಲಿಸಿ. ಕೈ ಹಾಕಿದರೆ ತಂದೆ ಕಚ್ಚುತ್ತದೆ. ಕಚ್ಚಲಿ. ಕರೆಂಟು ಹೋದರೆ ಗಾಳಿಗೆ ಬ್ಯಾಟರಿ ಪಂಪ್ ಇಟ್ಟುಕೊಂಡಿರಿ.

ಒಂದು ತಿಂಗಳಾಗುವಷ್ಟರಲ್ಲಿ ಜೋಡಿ ಮತ್ತೆ ಕುಂಡ ಉಜ್ಜಲು ಶುರು ಮಾಡುತ್ತದೆ. ಅಲ್ಲಿಯವರೆಗೆ ಕಣ್ಣಿನ ಬೊಂಬೆಯಾಗಿದ್ದ ಮರಿಗಳನ್ನು ಅಟ್ಟಾಡಿಸುತ್ತದೆ. ನಿಜವಾದ ಕಷ್ಟ ಈಗ. ನೂರಿಪ್ಪತ್ತು ಮರಿ ಯಾರಿಗೆ ಬೇಕು? ಅಂಗಡಿಯವರು ಮೊದಲ ಸಲ ಚೌಕಾಸಿ ಮಾಡುತ್ತಾರೆ, ಎರಡನೆಯ ಸಲ ಬಿಟ್ಟಿ ಕೊಟ್ಟರೂ ಬೇಡವೆನ್ನುತ್ತಾರೆ. ಆಗ ಕೆರೆಗೆ ಬಿಡೋಣ, ಪುಣ್ಯ ಬರುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ಅಮೆರಿಕದ ನೆವಾಡಾದ ಬಿಸಿನೀರಿನ ಬುಗ್ಗೆಗಳಲ್ಲಿ ಯಾರೋ ಬಿಟ್ಟ ಕಾನ್ವಿಕ್ಟ್‌ಗಳು ಅಲ್ಲಿಗಷ್ಟೇ ಸೀಮಿತವಾದ ಸ್ಪ್ರಿಂಗ್‌ಫಿಶ್ ಎಂಬ ಮೀನನ್ನು ಮೂಲೆಗೊತ್ತಿವೆ. ನಮ್ಮಲ್ಲಿ ಜಿಲೇಬಿ ಮೀನು ಕೆರೆಗಳನ್ನು ಆಕ್ರಮಿಸಿದ್ದನ್ನು ನೀವೇ ಕಂಡಿದ್ದೀರಿ, ಅದೂ ಸಿಕ್ಲಿಡ್ ಕುಲದ್ದೇ. ಇದೇ ಕುಲದ ನಮ್ಮ ಸ್ವಂತ ಮೀನೊಂದು ಕರಾವಳಿಯ ನದಿಗಳಲ್ಲಿದೆ, ಎಟ್ರೋಪ್ಲಸ್ ಕೆನರೆನ್ಸಿಸ್. ಹೆಸರಿನಲ್ಲೇ ಕೆನರಾ ಇದೆ, ಮೈಮೇಲೆ ಪಟ್ಟೆಯೂ ಇದೆ. ಅದೇ ಅಳಿವಿನಂಚಿನಲ್ಲಿರುವಾಗ ಹೊರಗಿನವರನ್ನು ಅದರ ಮನೆಗೆ ನುಗ್ಗಿಸುವುದು ಯಾವ ಪುಣ್ಯ?

ನಾನೀಗ ಕುಂಡ ತೆಗೆದಿಟ್ಟಿದ್ದೇನೆ. ಆದರೂ ಹೋದ ತಿಂಗಳು ಫಿಲ್ಟರಿನ ಬುಡದಲ್ಲೇ ಮೊಟ್ಟೆ ಇಟ್ಟವು. ಅದರ ಫಲವಾಗಿ ಮೇಜಿನ ಮೇಲಿನ ಈ ಡಬ್ಬಿಯಲ್ಲಿ ಇಪ್ಪತ್ತನಾಲ್ಕು ಮರಿಗಳಿವೆ. ಬೇಕಾದವರು ಕೇಳಿ, ದುಡ್ಡು ಬೇಡ. ಆದರೆ ತೊಟ್ಟಿಯ ಉದ್ದ ಎಷ್ಟೆಂದು ಮೊದಲು ಕೇಳುತ್ತೇನೆ, ಗಾಜಿನ ಬೋಗುಣಿ ಎಂದವರಿಗೆ ಚಹಾ ಮಾತ್ರ.