ಕಾಲಿಗೆ ಎಷ್ಟು, ಹೆಸರಿಗೆ ಎಷ್ಟು?

ಎಲ್ಲರಿಗೂ ನಮಸ್ಕಾರ.

2023ರ ಜುಲೈನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ನ ನಾಯಕ ಜೋರ್ಡನ್ ಹೆಂಡರ್ಸನ್ ಸೌದಿ ಅರೇಬಿಯಾದ ಅಲ್ ಇತ್ತಿಫಾಕ್ ಕ್ಲಬ್ ಸೇರಿದರು. ಕ್ಲಬ್ಬಿನ ಊರು ದಮ್ಮಾಮ್. ನಮ್ಮ ಕರಾವಳಿಯಲ್ಲಿ ದಮ್ಮಾಮ್, ಜುಬೈಲ್ ಅಂದರೆ ಯಾರಿಗೂ ಫುಟ್‌ಬಾಲ್ ನೆನಪಾಗುವುದಿಲ್ಲ. ಅಲ್ಲಿ ಕೆಲಸದಲ್ಲಿರುವ ಭಾವನೋ ಚಿಕ್ಕಪ್ಪನೋ ನೆನಪಾಗುತ್ತಾರೆ. ಅವರು ಕಳಿಸಿದ ದುಡ್ಡಿನಲ್ಲಿ ಎದ್ದ ಮನೆ ನೆನಪಾಗುತ್ತದೆ. ಹಾಗಾಗಿ ಇಂಗ್ಲೆಂಡಿನ ಪತ್ರಿಕೆಗಳು ಹೆಂಡರ್ಸನ್‌ನ್ನು ‘ದುಡ್ಡಿಗಾಗಿ ಸೌದಿಗೆ ಹೋದ’ ಎಂದು ಬೈದಾಗ ನನಗೆ ಸ್ವಲ್ಪ ನಗು ಬಂತು. ದುಡ್ಡಿಗಲ್ಲದೆ ಇನ್ಯಾಕೆ ಹೋಗುತ್ತಾರೆ ಸ್ವಾಮಿ?

ಆದರೂ ಆ ಬೈಗುಳವನ್ನು ಪೂರ್ತಿ ತಳ್ಳಿಹಾಕುವುದು ನನ್ನಿಂದ ಆಗಲಿಲ್ಲ. ಅದರಲ್ಲಿ ಏನೋ ಒಂದು ಸತ್ಯವಿದೆ. ಆದರೆ ಅದು ಸಂಬಳದ ಮೊತ್ತದಲ್ಲಿಲ್ಲ ಅಂತ ನನ್ನ ಅನಿಸಿಕೆ. ಆಟಗಾರನ ಕಾಲಿಗೆ ಎಷ್ಟು ಕೊಟ್ಟರೂ ನನ್ನ ತಕರಾರಿಲ್ಲ. ಆ ದುಡ್ಡಿನ ಜೊತೆ ಅವನ ಹೆಸರನ್ನೂ, ಹಿಂದೆ ಆಡಿದ ಮಾತನ್ನೂ, ಮುಂದಿನ ಮೌನವನ್ನೂ ಕೊಂಡುಕೊಂಡರೆ ಆಗ ಕೂತು ಲೆಕ್ಕ ಹಾಕಬೇಕಾಗುತ್ತದೆ.

ಈ ಜಗಳ ಹೊಸದೇನಲ್ಲ. 1950ಕ್ಕೆ ಹೋಗೋಣ. ಆಗ ಇಂಗ್ಲೆಂಡಿನಲ್ಲಿ ಯಾವ ಫುಟ್‌ಬಾಲ್ ಆಟಗಾರನಿಗೂ ವಾರಕ್ಕೆ 12 ಪೌಂಡ್‌ಗಿಂತ ಜಾಸ್ತಿ ಸಂಬಳ ಕೊಡುವ ಹಾಗಿರಲಿಲ್ಲ. ಅದು ಲೀಗಿನ ನಿಯಮ. ಮೈದಾನ ತುಂಬ ಜನ, ಗೇಟಿನಲ್ಲಿ ರಾಶಿ ದುಡ್ಡು. ಆದರೆ ಆಟಗಾರನ ಜೇಬಿಗೆ 12 ಪೌಂಡ್. ಅದಕ್ಕಿಂತ ಕೆಟ್ಟ ನಿಯಮ ಇನ್ನೊಂದಿತ್ತು. ಒಪ್ಪಂದದ ಅವಧಿ ಮುಗಿದ ಮೇಲೂ ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಇರುತ್ತಿತ್ತು. ಕ್ಲಬ್ ಬಿಡದಿದ್ದರೆ ಬೇರೆ ಕಡೆ ಆಡುವ ಹಾಗಿಲ್ಲ. ಕ್ಲಬ್ ಸಂಬಳವನ್ನೂ ಕೊಡದೆ ಕೂರಿಸಬಹುದಿತ್ತು.

ಅದೇ ಹೊತ್ತಿಗೆ ಕೊಲಂಬಿಯಾದಲ್ಲಿ ಒಂದು ಹೊಸ ಲೀಗ್ ಹುಟ್ಟಿತ್ತು. ಅಲ್ಲಿನ ಫೆಡರೇಷನ್ ಜೊತೆ ಜಗಳವಾಡಿಕೊಂಡು ಆ ಲೀಗ್ ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದಿಂದ ಹೊರಗಿತ್ತು. ಹೊರಗಿದ್ದದ್ದೇ ಅನುಕೂಲವಾಯಿತು. ಯಾವ ದೇಶದ ಆಟಗಾರನನ್ನಾದರೂ ಕರೆಸಬಹುದು, ಹಳೆಯ ಕ್ಲಬ್ಬಿಗೆ ಒಂದು ಕಾಸೂ ಕೊಡಬೇಕಾಗಿಲ್ಲ. ಅರ್ಜೆಂಟೀನಾದಲ್ಲಿ 1948ರಲ್ಲಿ ಆಟಗಾರರು ಮುಷ್ಕರ ಹೂಡಿದ್ದರು. ಅಲ್ಲಿಂದ ಆಲ್ಫ್ರೆಡೊ ಡಿ ಸ್ಟೆಫಾನೊ, ಅಡಾಲ್ಫೊ ಪೆಡೆರ್ನೆರಾ ಮುಂತಾದವರು ಕೊಲಂಬಿಯಾದ ರಾಜಧಾನಿ ಬೊಗೊಟಾದ ಮಿಲ್ಯೊನಾರಿಯೋಸ್ ಕ್ಲಬ್ ಸೇರಿದರು. ಆ ಕಾಲವನ್ನು ಕೊಲಂಬಿಯಾದ ಜನ ಇವತ್ತಿಗೂ ‘ಎಲ್ ಡೊರಾಡೊ’, ಅಂದರೆ ಚಿನ್ನದ ನಾಡು, ಅಂತಲೇ ಕರೆಯುತ್ತಾರೆ.

1950ರ ಬೇಸಿಗೆಯಲ್ಲಿ ಸ್ಟೋಕ್ ಸಿಟಿಯ ನೀಲ್ ಫ್ರಾಂಕ್ಲಿನ್ ಮತ್ತು ಜಾರ್ಜ್ ಮೌಂಟ್‌ಫರ್ಡ್ ಕೂಡ ಬೊಗೊಟಾ ವಿಮಾನ ಹತ್ತಿದರು. ಸೇರಿದ್ದು ಸಾಂಟಾ ಫೆ ಕ್ಲಬ್. ಫ್ರಾಂಕ್ಲಿನ್ ಸಾಮಾನ್ಯದವರಲ್ಲ. ಇಂಗ್ಲೆಂಡ್ ಪರ ಸತತ 27 ಪಂದ್ಯ ಆಡಿದ ಡಿಫೆಂಡರ್. ಆ ವರ್ಷ ಬ್ರೆಜಿಲ್‌ನಲ್ಲಿ ವಿಶ್ವಕಪ್ ಇತ್ತು. ಇಂಗ್ಲೆಂಡ್ ಮೊದಲ ಸಲ ವಿಶ್ವಕಪ್ ಆಡುತ್ತಿತ್ತು. ಅದನ್ನು ಬಿಟ್ಟು ಅವರು ಹೋದರು. ಅವರಿಲ್ಲದ ಇಂಗ್ಲೆಂಡ್ ಬೆಲೊ ಹೊರಿಜಾಂಟೆಯಲ್ಲಿ ಅಮೆರಿಕದ ಎದುರು 1-0ರಿಂದ ಸೋತಿತು. ಪತ್ರಿಕೆಗಳು ಹೋದವರನ್ನು ‘ಬೊಗೊಟಾ ಡಕಾಯಿತರು’ ಎಂದು ಕರೆದವು. ನೋಡಿ, ವಾರಕ್ಕೆ 12 ಪೌಂಡ್ ಕೊಟ್ಟು ದುಡಿಸಿಕೊಂಡವರು ಮರ್ಯಾದಸ್ತರು, ದುಡಿದವರು ಡಕಾಯಿತರು!

ಮ್ಯಾಂಚೆಸ್ಟರ್ ಯುನೈಟೆಡ್‌ನ ಚಾರ್ಲಿ ಮಿಟನ್ ಕೂಡ ಹೋದರು. ಮರುವರ್ಷ ವಾಪಸ್ ಬಂದಾಗ 250 ಪೌಂಡ್ ದಂಡ, ಆರು ತಿಂಗಳ ನಿಷೇಧ. ಯುನೈಟೆಡ್ ಅವರನ್ನು ಇಟ್ಟುಕೊಳ್ಳದೆ ಫುಲ್‌ಹ್ಯಾಮ್‌ಗೆ ಮಾರಿಬಿಟ್ಟಿತು. ಫ್ರಾಂಕ್ಲಿನ್ ಅಂತೂ ಕೆಲವೇ ಪಂದ್ಯ ಆಡಿ ಹೊರಟು ಬಂದರು. ಹೆಂಡತಿ ಬಸುರಿ, ಬೊಗೊಟಾದಲ್ಲಿ ಕರ್ಫ್ಯೂ. ಬಂದ ಮೇಲೆ ನಿಷೇಧ ಕಾದಿತ್ತು. ಆಮೇಲೆ ಕೆಳಗಿನ ಡಿವಿಷನ್‌ನ ಹಲ್ ಸಿಟಿಗೆ ಹೋದರು. ಇಂಗ್ಲೆಂಡ್ ತಂಡದ ಬಾಗಿಲು ಮತ್ತೆ ತೆರೆಯಲಿಲ್ಲ.

ಇವರು ತಪ್ಪು ಮಾಡಿದರಾ? ಹೋಗುವ ಹೊತ್ತಿಗೆ ಕ್ಲಬ್ಬಿಗೆ ಮಾತು ಕೊಟ್ಟಿದ್ದರು ಎನ್ನಬಹುದು. ಆದರೆ ಆ ಮಾತನ್ನು ಬಿಡಿಸಿಕೊಳ್ಳುವ ದಾರಿಯೇ ಇಲ್ಲದಿದ್ದಾಗ ಅದನ್ನು ಮಾತು ಅನ್ನುವುದು ಹೇಗೆ? 1961ರಲ್ಲಿ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ ಸಂಬಳದ ಮಿತಿ ಹೋಯಿತು. 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ಕೋರ್ಟಿಗೆ ಹೋಗಿ ಆ ಹಿಡಿದಿಡುವ ಪದ್ಧತಿಗೆ ಪೆಟ್ಟು ಕೊಟ್ಟರು. 1995ರ ಬಾಸ್‌ಮನ್ ತೀರ್ಪು ಬಂದ ಮೇಲೆ ಯುರೋಪಿನಲ್ಲಿ ಒಪ್ಪಂದ ಮುಗಿದ ಆಟಗಾರ ಸ್ವತಂತ್ರ. ಇವತ್ತು ದೊಡ್ಡ ಆಟಗಾರರು ಕೋಟಿಗಟ್ಟಲೆ ಎಣಿಸುತ್ತಿದ್ದರೆ ಅದರ ಹಿಂದೆ ಈ ಜಗಳಗಳಿವೆ. ನನ್ನ ಮಟ್ಟಿಗೆ ಬೊಗೊಟಾಕ್ಕೆ ಹೋದವರು ಡಕಾಯಿತರಲ್ಲ. ಒಳ್ಳೆ ಸಂಬಳ ಹುಡುಕಿ ಹೋದ ಕೆಲಸಗಾರರು.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. 1948ರ ಏಪ್ರಿಲ್ 9ರಂದು ಬೊಗೊಟಾದಲ್ಲಿ ಹೋರ್ಹೆ ಗೈತಾನ್ ಎಂಬ ಜನಪ್ರಿಯ ನಾಯಕನ ಕೊಲೆಯಾಯಿತು. ಊರಿಗೆ ಊರೇ ಹೊತ್ತಿ ಉರಿಯಿತು. ದೇಶದಲ್ಲಿ ವರ್ಷಗಟ್ಟಲೆ ನಡೆದ ರಕ್ತಪಾತಕ್ಕೆ ಆ ದಿನ ಇನ್ನಷ್ಟು ಬೆಂಕಿ ಹಚ್ಚಿತು. ಲೀಗ್ ಶುರುವಾದದ್ದು ಅದೇ ವರ್ಷ. ಹಳ್ಳಿಗಳಲ್ಲಿ ಜನ ಸಾಯುತ್ತಿರುವಾಗ ನಗರದಲ್ಲಿ ಭಾನುವಾರ ಡಿ ಸ್ಟೆಫಾನೊ ಆಟ. ಜನರ ಗಮನ ಮೈದಾನದ ಮೇಲಿದ್ದರೆ ಸರ್ಕಾರಕ್ಕೆ ಅನುಕೂಲವಲ್ಲವೇ? ಫ್ರಾಂಕ್ಲಿನ್‌ಗೆ ಇದೆಲ್ಲ ಗೊತ್ತಿರಲಿಕ್ಕಿಲ್ಲ. ಅವರ ಹೆಸರು ಹೇಳಿ ಕೊಲಂಬಿಯಾ ತನ್ನ ಮಾನ ಉಳಿಸಿಕೊಳ್ಳುತ್ತಿರಲೂ ಇಲ್ಲ. ಈಗಿನ ಆಟಗಾರರಿಗೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. ಫೋನು ಅವರ ಕೈಯಲ್ಲೇ ಇದೆ.

ಹಾಗಂತ ಗಲ್ಫಿಗೆ ಹೋದ ಆಟಗಾರರೆಲ್ಲ ರಾಜಕುಮಾರರ ಹಾಗೆ ಬದುಕಿದರು ಅಂದುಕೊಳ್ಳಬೇಡಿ. ಜಹೀರ್ ಬೆಲೂನಿಸ್ ಹೆಸರು ನಿಮ್ಮಲ್ಲಿ ಹೆಚ್ಚು ಜನ ಕೇಳಿರಲಿಕ್ಕಿಲ್ಲ. ಫ್ರಾನ್ಸ್‌ನವರು, ಅಲ್ಜೀರಿಯಾ ಮೂಲ. ಕತಾರಿನಲ್ಲಿ ಅಲ್ ಜೈಶ್ ಎಂಬ ಕ್ಲಬ್ಬಿಗೆ ಆಡುತ್ತಿದ್ದರು. ಅದು ಸೈನ್ಯದ ಕ್ಲಬ್. ಸಂಬಳ ಬಾಕಿ ಇದೆ ಎಂದು ಕೇಸು ಹಾಕಿದರು. ಆಮೇಲೆ ದೇಶ ಬಿಡಲು ಆಗಲಿಲ್ಲ. ಕಫಾಲಾ ಪದ್ಧತಿ ಏನು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ, ಸಹಿ ಹಾಕದಿದ್ದರೆ ದೇಶ ಬಿಡುವ ಪರವಾನಗಿ, ಅಂದರೆ ಎಕ್ಸಿಟ್ ಸಿಗುತ್ತಿರಲಿಲ್ಲ, ಎಕ್ಸಿಟ್ ಇಲ್ಲದೆ ವಿಮಾನ ಹತ್ತುವ ಹಾಗಿರಲಿಲ್ಲ. ಕೇಸು ವಾಪಸ್ ತಗೋ, ಆಮೇಲೆ ನೋಡೋಣ ಎಂಬ ಮಾತು ಗಲ್ಫಿನಲ್ಲಿ ಎಷ್ಟು ಜನರ ಕಿವಿಗೆ ಬಿದ್ದಿಲ್ಲ? ಹೆಂಡತಿ, ಇಬ್ಬರು ಚಿಕ್ಕ ಮಕ್ಕಳ ಜೊತೆ ದೋಹಾದಲ್ಲಿ ಸಿಕ್ಕಿಹಾಕಿಕೊಂಡ ಆ ಮನುಷ್ಯ 2013ರ ನವೆಂಬರಿನಲ್ಲಿ ಒಂದು ಬಹಿರಂಗ ಪತ್ರ ಬರೆದರು.

ಯಾರಿಗೆ ಬರೆದರು ಗೊತ್ತಾ? ಫುಟ್‌ಬಾಲ್ ಲೋಕದ ದೊಡ್ಡ ಹೆಸರುಗಳಾದ ಜಿನೆದಿನ್ ಜಿದಾನ್ ಮತ್ತು ಪೆಪ್ ಗಾರ್ಡಿಯೋಲಾಗೆ. ಯಾಕೆಂದರೆ ಅವರಿಬ್ಬರೂ 2022ರ ವಿಶ್ವಕಪ್ ಕತಾರಿಗೆ ಸಿಗಲಿ ಎಂದು ರಾಯಭಾರಿಗಳಾಗಿ ನಿಂತವರು. ನೀವು ಹೊಗಳಿದ ದೇಶದಲ್ಲಿ ನಾನು ಸಿಕ್ಕಿಕೊಂಡಿದ್ದೇನೆ, ಒಂದು ಮಾತು ಹೇಳಿ ಎಂಬುದು ಅವರ ಕೇಳಿಕೆ. ಆ ತಿಂಗಳ ಕೊನೆಗೆ ಅಂತೂ ಎಕ್ಸಿಟ್ ಸಿಕ್ಕಿತು, ಪ್ಯಾರಿಸ್ ಸೇರಿದರು. ಬೆಲೂನಿಸ್ ಮತ್ತು ಜಿದಾನ್ ಇಬ್ಬರಿಗೂ ಕತಾರಿನ ದುಡ್ಡು ಬಂದದ್ದೇ. ಒಬ್ಬರು ಚೆಂಡು ಒದ್ದದ್ದಕ್ಕೆ ಪಡೆದರು, ಅದೂ ಪೂರ್ತಿ ಬರಲಿಲ್ಲ. ಇನ್ನೊಬ್ಬರು ಮುಖ ಕೊಟ್ಟದ್ದಕ್ಕೆ ಪಡೆದರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಕತಾರ್ 2018ರಲ್ಲಿ ಹೆಚ್ಚಿನ ಕೆಲಸಗಾರರಿಗೆ ಎಕ್ಸಿಟ್ ಪರ್ಮಿಟ್ ಬೇಡ ಎಂದು ಕಾನೂನು ತಿದ್ದಿತು. ಸೌದಿಯೂ 2021ರಲ್ಲಿ ಸ್ವಲ್ಪ ಸಡಿಲ ಮಾಡಿತು, ಆದರೆ ಮನೆಕೆಲಸದವರನ್ನು ಹೊರಗಿಟ್ಟಿತು. ಮನೆಕೆಲಸದವರು ಬಹಿರಂಗ ಪತ್ರ ಬರೆದರೆ ಓದುವವರು ಯಾರು, ಅಲ್ವಾ?

ಈಗ ಮತ್ತೆ ಹೆಂಡರ್ಸನ್ ಹತ್ತಿರ ಬರೋಣ. ಅವರ ಬಗ್ಗೆ ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಕೋವಿಡ್ ಬಂದಾಗ, 2020ರ ಏಪ್ರಿಲ್‌ನಲ್ಲಿ, ಪ್ರೀಮಿಯರ್ ಲೀಗ್ ಆಟಗಾರರನ್ನೆಲ್ಲ ಒಟ್ಟು ಸೇರಿಸಿ ಆಸ್ಪತ್ರೆಗಳಿಗೆ ನಿಧಿ ಎತ್ತಿದವರಲ್ಲಿ ಅವರು ಮುಂದೆ ಇದ್ದರು. ಸಲಿಂಗಿ ಅಭಿಮಾನಿಗಳ ಪರವಾಗಿ ಗಟ್ಟಿಯಾಗಿ ಮಾತಾಡಿದರು. ಆ ಸಮುದಾಯದ ಗುರುತಾದ ಕಾಮನಬಿಲ್ಲಿನ ಬಣ್ಣದ ಲೇಸು ಕಟ್ಟಿದರು, ನಾಯಕನ ತೋಳುಪಟ್ಟಿಯನ್ನೂ ಅದೇ ಬಣ್ಣದಲ್ಲಿ ಹಾಕಿಕೊಂಡರು. ಫುಟ್‌ಬಾಲ್ ಗ್ಯಾಲರಿಯಲ್ಲಿ ಇಂಥವರನ್ನು ಹೇಗೆ ಹಂಗಿಸುತ್ತಾರೆ ಅಂತ ಗೊತ್ತಿದ್ದವರಿಗೆ ಒಬ್ಬ ನಾಯಕ ಹಾಗೆ ನಿಂತದ್ದು ದೊಡ್ಡ ವಿಷಯ.

ಸೌದಿಯಲ್ಲಿ ಸಲಿಂಗ ಸಂಬಂಧ ಅಪರಾಧ, ಮರಣದಂಡನೆಯವರೆಗೂ ಹೋಗಬಹುದು. ಅಲ್ ಇತ್ತಿಫಾಕ್ ಕ್ಲಬ್ ಅವರನ್ನು ಸ್ವಾಗತಿಸಿ ಒಂದು ವಿಡಿಯೊ ಹಾಕಿತು. ಅದರಲ್ಲಿ ಅವರ ಲಿವರ್‌ಪೂಲ್ ದಿನಗಳ ಚಿತ್ರವೂ ಇತ್ತು. ತೋಳಿನ ಮೇಲಿನ ಪಟ್ಟಿಯ ಬಣ್ಣ ಹೋಗಿತ್ತು, ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಮಾತು ಮತ್ತು ಮೌನವನ್ನು ಕೊಳ್ಳುವುದು ಅಂದೆನಲ್ಲ, ಅದು ಇದೇ. ಆ ಪಟ್ಟಿ ಅವರೊಬ್ಬರ ಸ್ವತ್ತಾಗಿರಲಿಲ್ಲ. ಅದನ್ನು ನಂಬಿದವರಿಗೂ ಅದರಲ್ಲಿ ಪಾಲಿತ್ತು.

ಜರ್ಮನಿಯ ಮಾಜಿ ಆಟಗಾರ ಥಾಮಸ್ ಹಿಟ್ಸ್‌ಲ್‌ಸ್ಪರ್ಗರ್ ಆಟ ಬಿಟ್ಟ ಮೇಲೆ, 2014ರಲ್ಲಿ, ತಾನು ಸಲಿಂಗಿ ಎಂದು ಹೇಳಿಕೊಂಡವರು. ಅವರ ಪ್ರತಿಕ್ರಿಯೆ ನನಗೆ ತುಂಬ ಸರಿ ಅನಿಸಿತು. ಹೆಂಡರ್ಸನ್ ಎಲ್ಲಿ ಬೇಕಾದರೂ ಆಡಬಹುದು, ಅದು ಅವರ ಹಕ್ಕು ಎಂದು ಮೊದಲೇ ಒಪ್ಪಿಕೊಂಡರು. ಅವರ ಬೆಂಬಲ ನಿಜವಾದದ್ದು ಅಂತ ನಂಬಿದ್ದೆನಲ್ಲ ಎಂಬುದೇ ಅವರ ನೋವು.

ಹೆಂಡರ್ಸನ್ ಆ ಸೆಪ್ಟೆಂಬರಿನಲ್ಲಿ ಒಂದು ದೊಡ್ಡ ಸಂದರ್ಶನ ಕೊಟ್ಟರು. ನೋವಾದವರ ಕ್ಷಮೆ ಕೇಳಿದರು. ದುಡ್ಡಿಗಾಗಿ ಹೋಗಲಿಲ್ಲ ಎಂದರು. ವಾರಕ್ಕೆ 7 ಲಕ್ಷ ಪೌಂಡ್ ಎಂದು ಪತ್ರಿಕೆಗಳು ಬರೆದಿದ್ದವು, ಅಷ್ಟೆಲ್ಲ ಇಲ್ಲ ಎಂದರು. ನನಗೆ ಅನಿಸಿದ್ದು ಹೇಳಲಾ? ‘ಹೌದು, ದುಡ್ಡಿಗೇ ಹೋದೆ’ ಎಂದಿದ್ದರೆ ಜನ ಒಂದು ವಾರ ಬೈದು ಸುಮ್ಮನಾಗುತ್ತಿದ್ದರು. ಅಕ್ಟೋಬರಿನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ಅಂಗಿ ತೊಟ್ಟು ಆಡಿದಾಗ ಸ್ವಂತ ಅಭಿಮಾನಿಗಳೇ ಅವರನ್ನು ಹೀಯಾಳಿಸಿ ಕೂಗಿದರು. 2024ರ ಜನವರಿಯಲ್ಲಿ, ಆರೇ ತಿಂಗಳಿಗೆ, ಸೌದಿ ಬಿಟ್ಟು ಹಾಲೆಂಡಿನ ಆಯಾಕ್ಸ್ ಸೇರಿದರು.

ಅವರ ಜೊತೆಗೆ ಲಿವರ್‌ಪೂಲ್‌ನಲ್ಲಿ ಆಡಿದ ಸಾದಿಯೊ ಮಾನೆ ಕೂಡ ಅದೇ 2023ರಲ್ಲಿ ಸೌದಿಯ ಅಲ್ ನಸ್ರ್ ಸೇರಿದರು. ಅವರ ಮೇಲೆ ಇಂಥ ಸಿಟ್ಟು ಹುಟ್ಟಲಿಲ್ಲ. ಸೆನೆಗಲ್‌ನ ಬಂಬಾಲಿ ಎಂಬ ಹಳ್ಳಿಯವರು. ಚಿಕ್ಕಂದಿನಲ್ಲಿ ತಂದೆ ತೀರಿಕೊಂಡಾಗ ಹಳ್ಳಿಯಲ್ಲಿ ಆಸ್ಪತ್ರೆ ಇರಲಿಲ್ಲ. ಆಡಿ ಗಳಿಸಿದ ದುಡ್ಡಿನಲ್ಲಿ ಅಲ್ಲೊಂದು ಆಸ್ಪತ್ರೆ, ಒಂದು ಶಾಲೆ ಕಟ್ಟಿಸಿದ್ದಾರೆ. ಇನ್ನು ಫ್ರಾನ್ಸ್‌ನ ಆಟಗಾರ ಕರೀಂ ಬೆಂಜೆಮಾ ಮುಸ್ಲಿಂ ದೇಶವೊಂದರಲ್ಲಿ ಬದುಕಲು ಇಷ್ಟ ಎಂದು ನೇರವಾಗಿ ಹೇಳಿಯೇ ಜಿದ್ದಾಗೆ ಹೋದರು. ಈ ಮೂವರೂ ಒಂದೇ ಬೇಸಿಗೆಯಲ್ಲಿ, ಒಂದೇ ಲೀಗಿಗೆ, ದೊಡ್ಡ ಸಂಬಳಕ್ಕೆ ಹೋದವರೇ. ಆದರೆ ಹೆಂಡರ್ಸನ್ ಮುರಿದಂಥ ಮಾತನ್ನು ಉಳಿದಿಬ್ಬರು ಯಾರಿಗೂ ಕೊಟ್ಟಿರಲಿಲ್ಲ. ಇವರನ್ನೂ ಅದೇ ಬಾಯಲ್ಲಿ ಬೈದರೆ ಅನ್ಯಾಯವಾಗುತ್ತದೆ.

ಆ ಬೇಸಿಗೆಯಲ್ಲಿ ಸೌದಿಯ ಅಲ್ ಹಿಲಾಲ್ ಕ್ಲಬ್ ಫ್ರಾನ್ಸ್‌ನ ಆಟಗಾರ ಎಂಬಾಪೆಗಾಗಿ 30 ಕೋಟಿ ಯೂರೋ ಮುಂದಿಟ್ಟಿತ್ತು. ಅವರು ಮಾತುಕತೆಗೂ ಹೋಗಲಿಲ್ಲ. ಕೆಲವರು ಚಪ್ಪಾಳೆ ತಟ್ಟಿದರು. ಸ್ವಲ್ಪ ತಡೆಯಿರಿ. ಆಗ ಅವರಿಗೆ ಸಂಬಳ ಕೊಡುತ್ತಿದ್ದ ಪ್ಯಾರಿಸ್ ಕ್ಲಬ್ಬಿನ ಒಡೆಯರು ಯಾರು? ಕತಾರ್!

ಇಲ್ಲಿ ಇಂಗ್ಲೆಂಡಿನ ಎಡಬಿಡಂಗಿತನದ ಬಗ್ಗೆ ಹೇಳಲೇಬೇಕು. 2023ರ ಜೂನ್‌ನಲ್ಲಿ ಸೌದಿಯ ನಾಲ್ಕು ದೊಡ್ಡ ಕ್ಲಬ್ಬುಗಳ ತಲಾ ಶೇ. 75 ಪಾಲನ್ನು ಅಲ್ಲಿನ ಸರ್ಕಾರಿ ಹೂಡಿಕೆ ನಿಧಿ ತೆಗೆದುಕೊಂಡಿತು. ಅದೇ ನಿಧಿ 2021ರ ಅಕ್ಟೋಬರಿನಲ್ಲೇ ನ್ಯೂಕ್ಯಾಸಲ್ ಕ್ಲಬ್ಬಿನ ಶೇ. 80 ಪಾಲು ಕೊಂಡಿತ್ತು. ಅವತ್ತು ಆ ಊರಿನ ಜನ ಬೀದಿಗಿಳಿದು ಕುಣಿದರು, ಕೆಲವರು ತಲೆಗೆ ಅರಬರ ಹಾಗೆ ಟವೆಲ್ ಸುತ್ತಿಕೊಂಡು ಬಂದರು. ಆಟಗಾರ ಆ ದುಡ್ಡು ಹುಡುಕಿ ಹೋದರೆ ದುರಾಸೆ, ದುಡ್ಡೇ ಊರಿಗೆ ಬಂದರೆ ಹೂಡಿಕೆ. ಸೌದಿಯ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಮಾತ್ರ ಮುಚ್ಚುಮರೆ ಮಾಡಲಿಲ್ಲ. ಆಟದ ನೆಪದಲ್ಲಿ ದೇಶದ ಹೆಸರು ತೊಳೆಯುತ್ತಿದ್ದೀರಂತೆ ಎಂದು 2023ರಲ್ಲಿ ಅಮೆರಿಕದ ಟಿವಿಯವರು ಕೇಳಿದರು. ಅದರಿಂದ ಜಿಡಿಪಿ ಶೇಕಡಾ ಒಂದು ಹೆಚ್ಚುವುದಾದರೆ ಅದನ್ನೇ ಮುಂದುವರಿಸುತ್ತೇನೆ ಎಂದುಬಿಟ್ಟರು.

ಬೈಯುವವನ ಕೈ ಕೊಳಕು ಅಂತ ಬೈಸಿಕೊಂಡವನ ಕೈ ಶುದ್ಧವಾಗುವುದಿಲ್ಲ, ನಿಜ. ಆದರೆ ಲೆಕ್ಕ ಕೇಳುವಾಗ ಹೆಚ್ಚು ಆಯ್ಕೆ ಇದ್ದವರಿಂದಲೇ ಶುರುಮಾಡಬೇಕು. ಮೊದಲು ಕ್ಲಬ್ ಮಾರಿದವರು, ಅದಕ್ಕೆ ಒಪ್ಪಿಗೆ ಕೊಟ್ಟ ಲೀಗು, ಆಮೇಲೆ ಫಿಫಾ. 2034ರ ವಿಶ್ವಕಪ್ ಸೌದಿಗೆ ಹೋಗಿದೆ. ಪೈಪೋಟಿಗೆ ಬೇರೆ ಯಾರೂ ಇರಲಿಲ್ಲ. 2024ರ ಡಿಸೆಂಬರಿನ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ಮುಗಿಸಿದರು. ಆ ಕ್ರೀಡಾಂಗಣಗಳನ್ನು ಕಟ್ಟಲು ನಮ್ಮ ದೇಶದಿಂದಲೂ ಕೆಲಸಗಾರರು ಹೋಗುತ್ತಾರೆ. ಹೆಸರಿರುವ ಆಟಗಾರ ಅಲ್ಲಿರುವುದರಿಂದ ಒಂದು ಉಪಯೋಗವಿದ್ದರೆ ಅದು ಇಷ್ಟೇ: ಯಾವನಾದರೂ ಬೆಲೂನಿಸ್ ಪತ್ರ ಬರೆದಾಗ ಉತ್ತರ ಕೊಡಬಹುದು.

ಅಂಥ ಉತ್ತರ ಬಂದದ್ದು ಎಲ್ಲಿಂದ ಅಂದರೆ, ಯಾರೂ ಎಣಿಸದ ಕಡೆಯಿಂದ. 2024ರಲ್ಲಿ ಫಿಫಾ ಸೌದಿಯ ತೈಲ ಕಂಪನಿ ಅರಾಮ್ಕೊ ಜೊತೆ ಪ್ರಾಯೋಜಕತ್ವದ ಒಪ್ಪಂದ ಮಾಡಿಕೊಂಡಿತು. ಮಹಿಳಾ ವಿಶ್ವಕಪ್ಪೂ ಅದರಲ್ಲಿ ಸೇರಿತ್ತು. ಆ ಅಕ್ಟೋಬರಿನಲ್ಲಿ ನೂರಕ್ಕೂ ಹೆಚ್ಚು ವೃತ್ತಿಪರ ಆಟಗಾರ್ತಿಯರು ಅದನ್ನು ಕೈಬಿಡಿ ಎಂದು ಪತ್ರ ಬರೆದು ಸಹಿ ಹಾಕಿದರು. ಹಾಲೆಂಡಿನ ವಿವಿಯಾನೆ ಮೀಡೆಮಾ, ಅಮೆರಿಕದ ಬೆಕಿ ಸೌರ್‌ಬ್ರುನ್ ಅವರಲ್ಲಿದ್ದರು. ಗಂಡಸರ ಸಂಬಳಕ್ಕೆ ಹೋಲಿಸಿದರೆ ಇವರಲ್ಲಿ ಬಹಳ ಜನಕ್ಕೆ ಸಿಗುವುದು ಚಿಲ್ಲರೆ ಕಾಸು. ಪ್ರಾಯೋಜಕರ ದುಡ್ಡಿನ ಅಗತ್ಯ ಜಾಸ್ತಿ ಇರುವುದು ಇವರಿಗೇ. ಸೌದಿಯಲ್ಲಿ ಜೈಲಿಗೆ ಹೋದ ಹೆಂಗಸರ ಬಗ್ಗೆ, ತೈಲ ಸುಟ್ಟು ಬಿಸಿಯಾಗುತ್ತಿರುವ ಭೂಮಿಯ ಬಗ್ಗೆ ಅವರು ಬರೆದರು. ಫಿಫಾ ಒಪ್ಪಂದ ಬಿಡಲಿಲ್ಲ. ಸಂಬಳದಲ್ಲಿ ಅವರಿಗಿಂತ ನೂರು ಪಟ್ಟು ಮೇಲಿರುವ ಎಷ್ಟು ಗಂಡಸರು ಆ ಪತ್ರದ ಪರವಾಗಿ ಬಾಯಿಬಿಟ್ಟರು ಅಂತ ನೀವೇ ಹುಡುಕಿ ನೋಡಿ.

ನನ್ನ ಮಾತು ಇಷ್ಟೆ. ಈಗ ನೀವು ಕೇಳಿ. ನ್ಯೂಕ್ಯಾಸಲ್ ಅಭಿಮಾನಿಗಳು ಯಾರಾದರೂ ಇದ್ದರೆ ಮೊದಲ ಪ್ರಶ್ನೆ ಅವರದೇ.