ಪೊಲೀಸರು ಬಾಗಿಲು ಬಡಿಯುವುದಕ್ಕಿಂತ ಮೊದಲಿನ ಕತೆ

1970ರ ದಶಕದ ನ್ಯೂಜಿಲೆಂಡ್‌ನ ಆಕ್ಲೆಂಡ್ ನಗರದ ಬಗ್ಗೆ ಮಕ್ಕಳಿಗೆ ಕಾದಂಬರಿ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಪೊಲೀಸರು ಬಾಗಿಲು ಬಡಿಯುವ ದೃಶ್ಯದಿಂದ ಕತೆ ಶುರು ಮಾಡಬೇಡಿ.

ಆ ದೃಶ್ಯ ಮೈ ನಡುಗಿಸುತ್ತದೆ, ನಿಜ. 1974ರಿಂದ 1976ರವರೆಗೆ ನ್ಯೂಜಿಲೆಂಡ್ ಪೊಲೀಸರು ಬೆಳಕು ಹರಿಯುವ ಮೊದಲೇ ನಾಯಿಗಳ ಜೊತೆ ಮನೆಗೆ ನುಗ್ಗುತ್ತಿದ್ದರು. ಪೆಸಿಫಿಕ್ ಸಾಗರದ ದ್ವೀಪಗಳಾದ ಸಮೋವಾ, ಟೋಂಗಾದಿಂದ ಬಂದ ಕುಟುಂಬಗಳು ನಿದ್ದೆಗಣ್ಣಲ್ಲೇ ಪಾಸ್‌ಪೋರ್ಟ್ ಹುಡುಕಬೇಕಿತ್ತು. ಅದಕ್ಕೆ 'ಡಾನ್ ರೇಡ್ಸ್', ಅಂದರೆ ನಸುಕಿನ ದಾಳಿ, ಅಂತಲೇ ಹೆಸರು ಬಿತ್ತು. ಆದರೆ ಇಷ್ಟನ್ನೇ ಓದಿದ ಮಗು ಏನು ಕೇಳುತ್ತದೆ ಗೊತ್ತಾ? "ವೀಸಾ ಮುಗಿದಿತ್ತು ಅಲ್ವಾ, ಪೊಲೀಸರು ಬರದೇ ಇರ್ತಾರಾ?"

ಉತ್ತರ ಹಿಂದಿನ ಅಧ್ಯಾಯದಲ್ಲಿದೆ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಕಾರ್ಖಾನೆಗಳಿಗೆ ಕೆಲಸಗಾರರು ಸಾಲುತ್ತಿರಲಿಲ್ಲ. ಈ ದ್ವೀಪಗಳಿಂದ ಜನರನ್ನು ಕರೆಸಿಕೊಂಡರು. ವೀಸಾ ಅವಧಿ ಮುಗಿದರೂ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. 1973ರಲ್ಲಿ ತೈಲದ ಬೆಲೆ ಗಗನಕ್ಕೇರಿತು, ಕೆಲಸ ಕಡಿಮೆಯಾಯಿತು. ಆಗ ಕಾನೂನು ನೆನಪಾಯಿತು. ಅದೂ ಎಲ್ಲರ ವಿಷಯದಲ್ಲಿ ಅಲ್ಲ. 1980ರ ದಶಕದ ಮಧ್ಯದ ಲೆಕ್ಕ ನೋಡಿ: ಅವಧಿ ಮೀರಿ ಉಳಿದವರಲ್ಲಿ ದ್ವೀಪದವರು ಮೂರನೇ ಒಂದು ಭಾಗ ಮಾತ್ರ, ಆದರೆ ಕೇಸು ಬಿದ್ದವರಲ್ಲಿ ಶೇ. 86 ಅವರೇ. ಬ್ರಿಟನ್, ಅಮೆರಿಕದಿಂದ ಬಂದು ಉಳಿದವರನ್ನು ಕೇಳಿದವರೇ ಕಡಿಮೆ.

ಇನ್ನೊಂದು ವಿಷಯ. ನಿಯುವೆ ಮತ್ತು ಕುಕ್ ದ್ವೀಪದವರು ಹುಟ್ಟಿನಿಂದಲೇ ನ್ಯೂಜಿಲೆಂಡ್ ಪ್ರಜೆಗಳು. ಅವರಿಗೆ ವೀಸಾನೇ ಬೇಕಿಲ್ಲ. ಆದರೂ 1976ರ ಅಕ್ಟೋಬರ್‌ನಲ್ಲಿ ಪೊಲೀಸರು ಬೀದಿಯಲ್ಲಿ ಜನರನ್ನು ನಿಲ್ಲಿಸಿದಾಗ ನೋಡಿದ್ದು ಮೈಬಣ್ಣವನ್ನು. ಆ ನೆಲದ ಮೂಲನಿವಾಸಿಗಳಾದ ಮಾವೋರಿಗಳನ್ನೂ ಬಿಡಲಿಲ್ಲ! ಅಂಥ ಒಬ್ಬ ಹುಡುಗನನ್ನು ಕತೆಯ ನಾಯಕನಾಗಿಸಿ. ಮಕ್ಕಳಿಗೆ ಅನ್ಯಾಯ ತಾನಾಗಿಯೇ ಅರ್ಥವಾಗುತ್ತದೆ.

ಸುಮ್ನೆ ಅಳುವ ಪಾತ್ರಗಳೂ ಸಾಕು. 1971ರಲ್ಲಿ ಆಕ್ಲೆಂಡ್‌ನ ಪಾನ್ಸನ್‌ಬಿ ಬಡಾವಣೆಯ ಹುಡುಗ ಹುಡುಗಿಯರು 'ಪಾಲಿನೇಷಿಯನ್ ಪ್ಯಾಂಥರ್ಸ್' ಅನ್ನುವ ಸಂಘಟನೆ ಕಟ್ಟಿದರು. ಮಕ್ಕಳಿಗೆ ಹೋಮ್‌ವರ್ಕ್ ಹೇಳಿಕೊಟ್ಟರು, ಪೊಲೀಸರು ಬಂದರೆ ನಿಮ್ಮ ಹಕ್ಕೇನು ಅಂತ ಜನರಿಗೆ ತಿಳಿಸಿದರು. ನಸುಕಿನಲ್ಲಿ ರಾಜಕಾರಣಿಗಳ ಮನೆ ಮುಂದೆಯೇ ನಿಂತು, ಪಾಸ್‌ಪೋರ್ಟ್ ತೋರಿಸಿ ಅಂತ ಕೂಗಿದರು. ಹದಿಹರೆಯದ ಓದುಗರಿಗೆ ಇದಕ್ಕಿಂತ ಒಳ್ಳೆಯ ಅಧ್ಯಾಯ ಬೇಕಾ?

2021ರ ಆಗಸ್ಟ್ 1ರಂದು ಪ್ರಧಾನಿ ಜಸಿಂಡಾ ಆರ್ಡರ್ನ್ ಸಮೋವಾದ ಪದ್ಧತಿಯಂತೆ ತಲೆ ಮೇಲೆ ಚಾಪೆ ಹೊದ್ದು ಕ್ಷಮೆ ಕೋರಿದರು. ದೊಡ್ಡ ಮಾತು, ಒಪ್ಪುತ್ತೇನೆ. ಆದರೆ ಕಾದಂಬರಿಗೆ ಅಲ್ಲಿ ಶುಭಂ ಹಾಕಬೇಡಿ. 1976ರಲ್ಲಿ ಹತ್ತು ವರ್ಷದವಳಾಗಿದ್ದ ಹುಡುಗಿಗೆ ಅಷ್ಟರಲ್ಲಿ ಐವತ್ತೈದು. ಅಷ್ಟು ವರ್ಷ ಎಷ್ಟೋ ಮನೆಗಳಲ್ಲಿ ನಾಚಿಕೆಯಿಂದ ಈ ಮಾತನ್ನೇ ಎತ್ತಲಿಲ್ಲ. ತಪ್ಪು ಮಾಡದವರು ಯಾಕೆ ನಾಚಿಕೊಂಡರು ಅನ್ನುವುದನ್ನೂ ಮಕ್ಕಳಿಗೆ ಬರೆದು ಹೇಳಿ.